ಹಬ್ಬದೂಟವೂ ಬಾಗಲ ಬಳಿಯ ನಾಯಿಯೂ

ಕ್ರಿಸ್ತಜಯಂತಿಯ ದಿವಸ ಆರಾಧನೆಯು ತೀರಿ ಸಭೆಯವರು ತಮ್ಮ ತಮ್ಮ ಮನೆಗಳಿಗೆ ತಿರುಗಿ ಬಂದು, ಬಾಳೆಯೆಲೆಗಳನ್ನು ಹಾಸಿ, ನೆಂಟರಿಷ್ಟರನ್ನು ಕೂಡ್ರಿಸಿ, ಯಜಮಾನನು ಸ್ತೋತ್ರಮಾಡಿ, ಎಲ್ಲರೂ ಊಟಕ್ಕೆ ಕೈಯಿಕ್ಕುವ ಹೊತ್ತಿನಲ್ಲಿ, ಕರೆಯದೆ ಬಂದ ಅತಿಥಿಯೊಂದು ಹೊಸ್ತಿಲ ಹೊರಗೆ ಕೂತು ಬಾಲವನ್ನು ನೆಲಕ್ಕೆ ಬಡಿಯುತ್ತಿರುವದನ್ನು ನೀವೆಲ್ಲರೂ ಕಂಡಿದ್ದೀರಿ. ಅದು ವರುಷವೆಲ್ಲಾ ನಿಮ್ಮ ಅಂಗಳವನ್ನು ಕಾಯ್ದ ನಾಯಿಯೇ. ಆ ದಿವಸ ಅದಕ್ಕೆ ಸಲ್ಲತಕ್ಕದ್ದು ಏನು? ಇದು ಹಾಸ್ಯದ ಪ್ರಶ್ನೆಯಂತೆ ತೋರಬಹುದು. ಆದರೆ ಯಾವ ಪ್ರಶ್ನೆಯನ್ನು ಮನುಷ್ಯರು ನಕ್ಕು ತಳ್ಳಿಬಿಡುತ್ತಾರೋ ಅದರಲ್ಲಿ ಅವರ ಹೃದಯದ ಸ್ಥಿತಿಯು ಬಹಳ ಸಾರಿ ಬೈಲಾಗುವದುಂಟು. ಆದಕಾರಣ ಅದನ್ನು ಸ್ವಲ್ಪ ತಾಳ್ಮೆಯಿಂದ ವಿಚಾರಿಸೋಣ.

ಹಬ್ಬದ ದಿವಸ ನಾಯಿಗೆ ಎರಡು ವಿಧವಾಗಿ ಕೇಡಾಗುತ್ತದೆ. ಕೆಲವರು ಅದನ್ನು ಕೋಲಿನಿಂದ ಓಡಿಸುತ್ತಾರೆ. ಬೇರೆ ಕೆಲವರು, ಮುಖ್ಯವಾಗಿ ಮಕ್ಕಳೂ ಅಜ್ಜಿಯರೂ, ಅದು ಕಣ್ಣೆತ್ತಿ ನೋಡಿದೊಡನೆ ಎಲುಬು, ಕೊಬ್ಬು, ಸಿಹಿತಿಂಡಿ ಎಲ್ಲವನ್ನೂ ಅದರ ಮುಂದೆ ಸುರಿಯುತ್ತಾರೆ. ಮೊದಲನೆಯವರನ್ನು ಕಠಿಣರೆಂದೂ ಎರಡನೆಯವರನ್ನು ಕನಿಕರವುಳ್ಳವರೆಂದೂ ಕರೆಯುವದು ವಾಡಿಕೆ. ಆದರೆ ಹಬ್ಬದ ಮಾರಣೆಯ ದಿವಸ ಪಶುವೈದ್ಯರ ಬಾಗಲಿಗೆ ಹೊತ್ತು ತರಲ್ಪಡುವ ನಾಯಿಗಳಲ್ಲಿ ಎಷ್ಟೋ ನಾಯಿಗಳು ಎರಡನೆಯವರ ಮನೆಗಳಿಂದಲೇ ಬಂದವುಗಳಾಗಿರುತ್ತವೆ.

ಆದರೆ ಇದಕ್ಕೆ ಹೋಗುವದಕ್ಕಿಂತ ಮೊದಲು ಇನ್ನೊಂದು ಮಾತಿಗೆ ಉತ್ತರ ಕೊಡಲೇಬೇಕು. ಯಾಕಂದರೆ ನಮ್ಮ ಹಳ್ಳಿಯ ಸಭೆಗಳಲ್ಲಿ ಯಾವನಾದರೂ ಎದ್ದು, ಹಬ್ಬದೂಟದಲ್ಲಿ ನಾಯಿಗೆ ಸ್ಥಳವಿರಬೇಕೆಂದು ಹೇಳಿದರೆ, ಮುದುಕರು ಕೆಲವರು ಮುಖ ಬಾಡಿಸಿಕೊಂಡು ಸುಮ್ಮನಾಗುವರು. ಅವರ ಮೌನಕ್ಕೆ ಕಾರಣವುಂಟು. ಅವರ ತಂದೆತಾಯಿಗಳು, ಅಜ್ಜ ಅಜ್ಜಿಯರು, ಊರ ಧಣಿಗಳ ಮದುವೆಯ ದಿವಸ ಚಪ್ಪರದ ಹೊರಗೆ ಬಿಸಿಲಲ್ಲಿ ಕಾದಿದ್ದರು. ಒಳಗಿನವರು ಉಂಡೆದ್ದ ಮೇಲೆ ಎಂಜಲೆಲೆಗಳು ಹೊರಗೆ ಬೀಳುವವು. ಆಗ ಆ ರಾಶಿಯ ಒಂದು ಕಡೆಯಲ್ಲಿ ನಾಯಿಗಳು, ಇನ್ನೊಂದು ಕಡೆಯಲ್ಲಿ ಮಕ್ಕಳನ್ನು ಕಂಕುಳಲ್ಲಿಟ್ಟ ತಾಯಂದಿರು. ಇದನ್ನು ಕಥೆಯೆಂದು ಕೇಳಿದವರು ಬೇರೆ, ಅದನ್ನು ತಿಂದು ಬೆಳೆದವರು ಬೇರೆ. ಹಾಗೆ ನಾಯಿಯ ಸಾಲಿನಲ್ಲಿ ಕೂಡ್ರಿಸಲ್ಪಟ್ಟ ಜನರಿಗೆ ಸ್ವಂತ ಮನೆ, ಸ್ವಂತ ಎಲೆ, ಸ್ವಂತ ಹಬ್ಬ ಉಂಟಾದ ಮೇಲೆ, ಅದೇ ನಾಯಿಯನ್ನು ಹಬ್ಬಕ್ಕೆ ಸೇರಿಸಿಕೊಳ್ಳಿರೆಂದು ಹೇಳುವದು ಹಳೇ ಅವಮಾನವನ್ನು ತಿರುಗಿ ನೆನಪಿಗೆ ತರುವದಲ್ಲವೋ? ಈ ಪ್ರಶ್ನೆಯನ್ನು ಯಾರೂ ಹಗುರವಾಗಿ ಎಣಿಸಬಾರದು.

1927ನೇ ವರುಷದ ಮಾರ್ಚಿ ತಿಂಗಳ 20ನೇ ತಾರೀಖಿನಲ್ಲಿ ಡಾಕ್ಟರ್ ಅಂಬೇಡಕರರು ಕೊಂಕಣದ ಮಹಾಡೆಂಬ ಊರಿನಲ್ಲಿ ಸಾವಿರಾರು ಜನರೊಂದಿಗೆ ಚವದಾರ ಕೆರೆಗೆ ನಡೆದುಹೋಗಿ ಅದರ ನೀರನ್ನು ಕುಡಿದರು. ಮೃಗಪ್ರಾಣಿಗಳು ಇಳಿದು ಕುಡಿಯಬಹುದಾಗಿದ್ದ ನೀರು ಅದು. ಈ ಮನುಷ್ಯರು ಮಾತ್ರ ಮುಟ್ಟಬಾರದಾಗಿತ್ತು. ಅವರು ಕುಡಿದದ್ದರಿಂದ ಮೈಲಿಗೆಯಾಯಿತೆಂದು ಊರಿನವರು ಆ ಕೆರೆಯನ್ನು ಆಮೇಲೆ ಶುದ್ಧಮಾಡಿಸಿದರು. ಈಗ ನೋಡಿರಿ: ಅಲ್ಲಿ ನಡೆದ ಅನ್ಯಾಯವು ಯಾವದು? ನಾಯಿ ನೀರು ಕುಡಿದದ್ದು ಅನ್ಯಾಯವೋ? ಅಲ್ಲ. ಬಾಯಾರಿದ ಮನುಷ್ಯನನ್ನು ದಡದ ಮೇಲೆ ನಿಲ್ಲಿಸಿದ್ದೇ ಅನ್ಯಾಯ. ನಾಯಿಯ ಬಾಯಿಂದ ನೀರನ್ನು ಕಿತ್ತುಕೊಂಡಿದ್ದರೆ ಒಬ್ಬ ದಲಿತನ ದಾಹವೂ ತೀರುತ್ತಿರಲಿಲ್ಲ. ಧಣಿಯ ಅಂಗಳದಲ್ಲಿಯೂ ಹಾಗೆಯೇ. ಎಂಜಲೆಲೆಯ ಬಳಿಯಲ್ಲಿ ನಮ್ಮ ಹಿರಿಯರ ಪಾಲನ್ನು ಕದ್ದದ್ದು ಅವರ ಪಕ್ಕದಲ್ಲಿ ನಿಂತ ಹಸಿದ ಪ್ರಾಣಿಯಲ್ಲ, ಒಳಗೆ ಕೂತು ಉಂಡವನೇ. ಹೀಗಿರಲಾಗಿ ನಾಯಿಯನ್ನು ಒದೆಯುವದರಿಂದ ನಮ್ಮ ಮಾನವು ಹೆಚ್ಚುವದೆಂದು ಎಣಿಸುವವನು ತನ್ನ ಸಾಲವನ್ನು ತಪ್ಪಾದವನ ಹೆಸರಿನಲ್ಲಿ ಬರೆದಿದ್ದಾನೆ.

ಮನುಷ್ಯರ ಮೇಲಿನ ಪ್ರೀತಿಯೂ ಪ್ರಾಣಿಗಳ ಮೇಲಿನ ಕನಿಕರವೂ ಒಂದನ್ನೊಂದು ತಿನ್ನುತ್ತವೆಂಬ ಭಯಕ್ಕೂ ಚರಿತ್ರೆಯಲ್ಲಿ ಆಧಾರವು ಕಡಿಮೆ. ಪ್ರಾಣಿಹಿಂಸೆಯನ್ನು ತಡೆಯುವ ಸಂಘವು ಲಂಡನ್ ಪಟ್ಟಣದಲ್ಲಿ ಸ್ಥಾಪಿತವಾದದ್ದು 1824ರಲ್ಲಿ. ಅದನ್ನು ಕೂಡಿಸಿದವನು ಆರ್ಥರ್ ಬ್ರೂಮ್ ಎಂಬ ಬೋಧಕನು. ಅವನು ಆ ಸಂಘದ ಸಾಲದ ನಿಮಿತ್ತ ಸೆರೆಮನೆಯನ್ನೂ ಕಂಡನು. ಆ ಮೊದಲನೇ ಕೂಟದಲ್ಲಿ ಇದ್ದವರು ಯಾರು? ಗುಲಾಮರ ವ್ಯಾಪಾರವನ್ನು 1807ರಲ್ಲಿ ನಿಲ್ಲಿಸುವ ತನಕ ಪಾರ್ಲಿಮೆಂಟಿನಲ್ಲಿ ಹೋರಾಡಿದ ವಿಲ್ಬರ್‌ಫೋರ್ಸ್, ಮತ್ತು 1833ರಲ್ಲಿ ಗುಲಾಮತನವನ್ನೇ ತೆಗೆದುಹಾಕುವ ಕಾಯಿದೆಗಾಗಿ ದುಡಿದ ಬಕ್ಸ್‌ಟನ್. ಸಂಕೋಲೆ ಬಿದ್ದ ಮನುಷ್ಯನ ಕೂಗನ್ನು ಕೇಳುವ ಕಿವಿ ಯಾವದೋ, ಪೆಟ್ಟುತಿಂದ ಮೂಕಪ್ರಾಣಿಯ ನರಳಾಟವನ್ನು ಕೇಳಿದ್ದೂ ಅದೇ ಕಿವಿ. ನಮ್ಮ ದೇಶದಲ್ಲಿಯೂ ಪ್ರಾಣಿಗಳ ಮೇಲಿನ ಕ್ರೂರತ್ವವನ್ನು ನಿಷೇಧಿಸುವ ಕಾಯಿದೆಯು 1960ರಿಂದ ಇದೆ.

ಸತ್ಯವೇದದಲ್ಲಿ ನಾಯಿಯ ವಿಷಯವಾಗಿ ಒಳ್ಳೇ ಮಾತುಗಳು ಬಹಳ ಇಲ್ಲವೆಂದು ಒಪ್ಪಿಕೊಳ್ಳಬೇಕು. ಇಸ್ರಾಯೇಲ್ಯರಿಗೆ ಅದು ಬೀದಿಯ ಪ್ರಾಣಿ, ಬೈಗಳಿನ ಮಾತು. ಆದರೂ ಮಾರ್ಕನ ಸುವಾರ್ತೆಯ 7ನೇ ಅಧ್ಯಾಯದಲ್ಲಿ, ತೂರ್ ಸೀಮೆಯ ಅನ್ಯಜನಾಂಗದ ತಾಯಿಯೊಬ್ಬಳು ತನ್ನ ಮಗಳಿಗೋಸ್ಕರ ಕರ್ತನ ಪಾದಕ್ಕೆ ಬಿದ್ದಾಗ, ಮಕ್ಕಳಿಗಾಗಿರುವ ರೊಟ್ಟಿಯು ನಾಯಿಗಳದ್ದಲ್ಲವೆಂಬ ಮಾತು ಆಕೆಗೆ ಎದುರಾಗುತ್ತದೆ. ಅಲ್ಲಿ ಗ್ರೀಕ್ ಮೂಲದಲ್ಲಿರುವ ಶಬ್ದವು ಚಿಕ್ಕ ನಾಯಿ ಎಂಬರ್ಥವುಳ್ಳದ್ದು. ಆ ತಾಯಿಯು ಆ ಹೆಸರಿಗೆ ಸಿಟ್ಟಾಗದೆ, ಮೇಜಿನ ಕೆಳಗಿರುವ ಮರಿಗಳಿಗೂ ಮಕ್ಕಳ ಕೈಯಿಂದ ಬಿದ್ದ ತುಣುಕುಗಳು ದೊರೆಯುತ್ತವಲ್ಲಾ ಎಂದು ಬಿನ್ನವಿಸುತ್ತಾಳೆ. ಈ ಭಾಗವು ನಾಯಿ ಸಾಕುವದನ್ನು ಕಲಿಸುವ ಪಾಠವಲ್ಲ. ಅದನ್ನು ತಿರುಚಿ ಹಾಗೆ ಮಾಡುವದು ಸಲ್ಲದು. ಆದರೆ ಆಕೆಯ ವಾದವು ಯಾವದರ ಮೇಲೆ ನಿಂತಿದೆಯೆಂದು ನೋಡಿರಿ. ಮರಿಯು ಉಂಡದ್ದರಿಂದ ಮಕ್ಕಳಿಗೆ ಕಡಿಮೆಯಾಗಲಿಲ್ಲ; ಮತ್ತು ಆ ಮರಿಯು ಬೀದಿಯಲ್ಲಿಲ್ಲ, ಮೇಜಿನ ಕೆಳಗೆ, ಅಂದರೆ ಮನೆಯೊಳಗೆ, ಇದೆ. ಈ ಎರಡು ಸಂಗತಿಗಳು ಸತ್ಯವಲ್ಲದಿದ್ದರೆ ಆಕೆಯ ಉತ್ತರಕ್ಕೆ ಬಲವೇ ಇರುತ್ತಿರಲಿಲ್ಲ. ನೀತಿವಂತನು ತನ್ನ ಪಶುಗಳ ಪ್ರಾಣದ ಚಿಂತೆಯನ್ನೂ ಮಾಡುವನೆಂದು ಜ್ಞಾನೋಕ್ತಿಗಳ 12ನೇ ಅಧ್ಯಾಯವು ಕಲಿಸುತ್ತದೆ. ಕಣದಲ್ಲಿ ದುಡಿಯುವ ಎತ್ತಿಗೆ ಬಾಯಿಕುಕ್ಕೆ ಹಾಕಿ ಅದರ ಪಾಲನ್ನು ತಪ್ಪಿಸುವದನ್ನು ಮೋಶೆಯ ಧರ್ಮಶಾಸ್ತ್ರವು ತಡೆಯಿತು. ದುಡಿದ ಪ್ರಾಣಿಗೆ ಪಾಲುಂಟು ಎಂಬದೇ ಅದರ ನ್ಯಾಯ. ಎತ್ತು ಹಗಲಲ್ಲಿ ದುಡಿಯುತ್ತದೆ, ನಾಯಿ ರಾತ್ರಿಯಲ್ಲಿ.

ಈ ಪ್ರಾಣಿಯು ಮನುಷ್ಯನ ಬಳಿಗೆ ಎಂದು ಬಂತು? ಜರ್ಮನಿ ದೇಶದಲ್ಲಿ ಬಾನ್ ಪಟ್ಟಣದ ಬಳಿ ಓಬರ್‌ಕಾಸೆಲ್ ಎಂಬಲ್ಲಿ 1914ರಲ್ಲಿ ಕಲ್ಲು ತೆಗೆಯುವವರಿಗೆ ಒಂದು ಸಮಾಧಿ ಸಿಕ್ಕಿತು. ಸುಮಾರು 14,000 ವರುಷಗಳ ಹಿಂದಿನದು. ಅದರಲ್ಲಿ ಒಬ್ಬ ಗಂಡಸು, ಒಬ್ಬ ಹೆಂಗಸು, ಅವರೊಂದಿಗೆ ಒಂದು ನಾಯಿಯ ಎಲುಬುಗಳು ಇದ್ದವು. ಆ ನಾಯಿಗೆ ಸುಮಾರು ಏಳು ತಿಂಗಳ ಪ್ರಾಯ. ಅದರ ಹಲ್ಲುಗಳನ್ನು ಪರೀಕ್ಷಿಸಿದ ಪಂಡಿತರು, ಅದು ಮರಿಯಾಗಿದ್ದಾಗಲೇ ಡಿಸ್ಟೆಂಪರ್ ಎಂಬ ಕಠಿಣ ಜಾಡ್ಯಕ್ಕೆ ಗುರಿಯಾಗಿ ವಾರಗಟ್ಟಲೆ ನರಳಿತ್ತೆಂದೂ, ಮನುಷ್ಯರ ಆರೈಕೆಯಿಲ್ಲದೆ ಅಷ್ಟು ಕಾಲ ಬದುಕಲಾರದಿತ್ತೆಂದೂ 2018ರಲ್ಲಿ ತೋರಿಸಿದರು. ಬೇಟೆಗೂ ಕಾವಲಿಗೂ ಬಾರದ ಒಂದು ರೋಗದ ಮರಿಗೆ ಅವರು ನೀರು ಕೊಟ್ಟರು, ಬೆಚ್ಚಗಿಟ್ಟರು, ಕಡೆಗೆ ತಮ್ಮ ಸಂಗಡ ಮಣ್ಣಿನಲ್ಲಿಯೂ ಮಲಗಿಸಿಕೊಂಡರು. ಬಿತ್ತುವದನ್ನೂ ಬರೆಯುವದನ್ನೂ ಅರಿಯದ ಜನರು ಅವರು.

ನಮ್ಮ ಕನ್ನಡ ನಾಡಿನಲ್ಲಿಯೂ ಇದಕ್ಕೆ ಸಾಕ್ಷಿಯುಂಟು. ಮಂಡ್ಯ ಸೀಮೆಯ ಆತಕೂರಿನಲ್ಲಿ ದೊರೆತ, ಈಗ ಬೆಂಗಳೂರಿನ ಸರಕಾರಿ ಮ್ಯೂಜಿಯಮಿನಲ್ಲಿರುವ ಶಾಸನವು ಕ್ರಿಸ್ತಶಕ 950ರ ಸುಮಾರಿನದು. ತಕ್ಕೋಲದ ಯುದ್ಧದಲ್ಲಿ ಶೌರ್ಯ ತೋರಿಸಿದ ಮಣಲೆರನೆಂಬ ವೀರನಿಗೆ ಒಡೆಯನು, ಬೇಕಾದದ್ದನ್ನು ಬೇಡಿಕೋ ಅಂದಾಗ, ಅವನು ಊರನ್ನಾಗಲಿ ಹೊನ್ನನ್ನಾಗಲಿ ಬೇಡದೆ ಕಾಳಿಯೆಂಬ ಬೇಟೆನಾಯಿಯನ್ನು ಬೇಡಿದನಂತೆ. ಆ ಕಾಳಿಯು ಬೆಳತೂರಿನ ಬಳಿಯ ಗುಡ್ಡದಲ್ಲಿ ಒಂದು ದೊಡ್ಡ ಹಂದಿಯೊಂದಿಗೆ ಸೆಣಸಿ, ಹಂದಿಯೂ ನಾಯಿಯೂ ಕೂಡಿ ಸತ್ತವು. ಅದರ ನೆನಪಿಗೆ ಕಲ್ಲು ನೆಟ್ಟು ಭೂಮಿಯನ್ನೂ ಬಿಟ್ಟರು. ಆ ಭೂಮಿಯನ್ನು ಅನುಭವಿಸುವ ಗೊರವನು ಮೊದಲು ಆ ಕಲ್ಲಿಗೆ ಮರ್ಯಾದೆ ಮಾಡದೆ ಉಂಡರೆ ನಾಯಿಯ ಪಾಪವು ಅವನಿಗೆ ತಗಲುವದೆಂದು ಶಾಸನವು ಎಚ್ಚರಿಸುತ್ತದೆ. ಕಲ್ಲಿಗೆ ಪೂಜೆ ಮಾಡುವದು ನಮ್ಮ ನಂಬಿಕೆಯಲ್ಲ. ಆದರೂ ನಾಯಿಯ ಋಣವನ್ನು ತೀರಿಸದೆ ಊಟಕ್ಕೆ ಕೂಡ್ರುವದು ತಪ್ಪೆಂದು ಸಾವಿರ ವರುಷಗಳ ಹಿಂದೆ ಈ ನಾಡಿನವರು ಬಗೆದಿದ್ದರೆಂಬದನ್ನು ತಿಳಿಯುವದರಲ್ಲಿ ನಷ್ಟವೇನೂ ಇಲ್ಲ.

ಇನ್ನೊಂದು ಸಂಗತಿಯು ವಿಶೇಷವಾದದ್ದು. ತೋಳಕ್ಕಿಂತ ನಾಯಿಗೆ ಗಂಜಿ ಅನ್ನಗಳಂಥ ಹಿಟ್ಟಿನ ಪದಾರ್ಥವನ್ನು ಜೀರ್ಣಿಸುವ ಶಕ್ತಿಯು ಬಹಳ ಹೆಚ್ಚೆಂದೂ, ಅದು ವಂಶಪಾರಂಪರ್ಯವಾಗಿ ರಕ್ತದಲ್ಲಿಯೇ ಬಂದದ್ದೆಂದೂ 2013ರಲ್ಲಿ ಪಂಡಿತರು ಕಂಡುಹಿಡಿದರು. ಇದರ ಅರ್ಥವೇನಂದರೆ, ಸಾವಿರಾರು ವರುಷಗಳಿಂದ ನಮ್ಮ ಒಲೆಯ ಬಳಿಯಲ್ಲಿ ಉಂಡು ಉಂಡು ಆ ಪ್ರಾಣಿಯ ಒಡಲೇ ಬದಲಾಗಿದೆ. ಅದು ಕಾಡಿಗೆ ತಿರುಗಿ ಹೋಗಿ ಬದುಕಲೆಂದು ಹೇಳುವ ಹಕ್ಕು ನಮಗೆ ಈಗ ಉಳಿದಿಲ್ಲ.

ಆದರೆ ಇಲ್ಲಿಯೇ ಎಡವುವವರು ಬಹು ಮಂದಿ. ನಮ್ಮ ಅನ್ನವು ಅದಕ್ಕೆ ಒಗ್ಗಿದ್ದರಿಂದ ನಮ್ಮ ಎಲೆಯ ಮೇಲಿರುವದೆಲ್ಲವೂ ಒಗ್ಗುವದೆಂದು ಎಣಿಸುತ್ತಾರೆ. ಮತ್ತು ನಾಯಿ ಅಷ್ಟು ದೀನವಾಗಿ ನೋಡುವಾಗ ಕೊಡದಿರುವದು ಹೇಗೆ ಎಂದು ಕೇಳುತ್ತಾರೆ. ಆ ನೋಟದ ಬಲವು ಸಣ್ಣದಲ್ಲ. ಮಾರ್ಟಿನ್ ಲೂಥರನ ಮನೆಯಲ್ಲಿ ಟೋಲ್ಪೆಲ್ ಎಂಬ ನಾಯಿ ಇತ್ತು. 1532ರಲ್ಲಿ ಒಂದು ದಿವಸ ಊಟದ ಹೊತ್ತಿನಲ್ಲಿ ಅದು ಬಾಯಿ ತೆರೆದು ರೆಪ್ಪೆ ಹಾಕದೆ ಮಾಂಸದ ತುಂಡನ್ನೇ ದಿಟ್ಟಿಸುತ್ತಿರುವದನ್ನು ಅವನು ಕಂಡು, ಈ ಪ್ರಾಣಿಯ ಏಕಚಿತ್ತವು ತನ್ನ ಪ್ರಾರ್ಥನೆಯಲ್ಲಿ ಇಲ್ಲವಲ್ಲಾ ಎಂದು ಸಂಗಡ ಕೂತವರಿಗೆ ಹೇಳಿದನೆಂದು ಅವನ ಮೇಜಿನ ಮಾತುಗಳನ್ನು ಬರೆದಿಟ್ಟವರು ತಿಳಿಸುತ್ತಾರೆ. ಲೂಥರನಂಥವನು ನಾಯಿಯನ್ನು ಗುರುವನ್ನಾಗಿ ಮಾಡಿಕೊಂಡದ್ದು ನಮಗೆ ಸಂತೋಷ. ಆದರೂ ದಿಟ್ಟಿಸುವದೆಲ್ಲಾ ಹಸಿವೆಯ ಗುರುತಲ್ಲ. ಹುಬ್ಬಿನ ಒಳಬದಿಯನ್ನು ಮೇಲಕ್ಕೆತ್ತಿ ಮುಖವನ್ನು ದೀನವಾಗಿ ತೋರಿಸುವ ಒಂದು ಸ್ನಾಯುವು ನಾಯಿಗಳಲ್ಲಿ ಬೆಳೆದಿದೆಯೆಂದೂ ತೋಳಗಳಲ್ಲಿ ಅದು ಹಾಗೆ ಇಲ್ಲವೆಂದೂ 2019ರಲ್ಲಿ ತಿಳಿದುಬಂತು. ಹೊಟ್ಟೆ ತುಂಬಿದ ನಾಯಿಯೂ ಹಾಗೆಯೇ ನೋಡಬಲ್ಲದು. ಅದು ಕಪಟವಲ್ಲ, ಅದರ ಮುಖವೇ ಹಾಗೆ ರೂಪುಗೊಂಡಿದೆ. ಬೇಡಿದ್ದನ್ನೆಲ್ಲಾ ಕೊಡುವವನು ಪ್ರೀತಿಸುವವನೆಂದು ಆ ಪ್ರಾಣಿಯು ತಿಳಿದುಕೊಳ್ಳಲಿ. ನಾವು ಹಾಗೆ ತಿಳಿಯಕೂಡದು. ಜ್ವರದಲ್ಲಿರುವ ಮಗುವು ಹುಣಸೇಹಣ್ಣಿಗೆ ಅತ್ತರೆ ತಾಯಿಯು ಕೊಡುವಳೋ?

ಆದಕಾರಣ ಹಬ್ಬದ ಎಲೆಯ ಮೇಲೆ ನಾಯಿಗೆ ವಿಷವಾಗುವವುಗಳು ಯಾವವೆಂದು ತಿಳಿಯುವದು ಕನಿಕರದ ಒಂದು ಭಾಗವೇ ಆಗಿದೆ. ಎಲ್ಲಕ್ಕಿಂತ ಮುಂಚೆ ಎಲುಬಿನ ಮಾತು, ಯಾಕಂದರೆ ನಾಯಿಗೆ ಎಲುಬು ಎಂಬದು ನಮ್ಮಲ್ಲಿ ಗಾದೆಯಷ್ಟು ಬೇರೂರಿದ ನಂಬಿಕೆ. ಬೇಯಿಸಿದ ಕೋಳಿಯ ಎಲುಬು ಒಣಗಿ ಪೆಡಸಾಗಿ, ಕಚ್ಚಿದರೆ ಬಿದಿರಿನ ಸಿಬಿರಿನಂತೆ ಸೀಳುತ್ತದೆ. ಆ ಮೊನೆಗಳು ಗಂಟಲಲ್ಲಿ ಸಿಕ್ಕಿಕೊಳ್ಳುತ್ತವೆ, ಇಲ್ಲವೆ ಕರುಳನ್ನು ಚುಚ್ಚುತ್ತವೆ. ಹಂದಿ ಕುರಿಗಳ ಬೇಯಿಸಿದ ಎಲುಬುಗಳೂ ಅಪಾಯವಾದವುಗಳೇ. ಇಷ್ಟು ವರುಷ ತಿಂದಿತು, ಏನೂ ಆಗಲಿಲ್ಲ ಎಂದು ಹೇಳುವವರಿದ್ದಾರೆ. ಹಾಗೆ ತಿಂದು ಸತ್ತ ನಾಯಿಗಳು ಹಿತ್ತಲಿನ ಮೂಲೆಯಲ್ಲಿ ಸತ್ತವು, ಕಾರಣವನ್ನು ಯಾರೂ ವಿಚಾರಿಸಲಿಲ್ಲ; ಅದರಿಂದಲೇ ಈ ಧೈರ್ಯ.

ಈರುಳ್ಳಿ ಬೆಳ್ಳುಳ್ಳಿಗಳ ಕೆಲಸವು ಇನ್ನೂ ಗುಪ್ತವಾದದ್ದು. ಹಸಿಯಾಗಿರಲಿ ಬೆಂದಿರಲಿ, ಅವು ನಾಯಿಯ ರಕ್ತದ ಕೆಂಪು ಕಣಗಳನ್ನು ಒಡೆಯುತ್ತವೆ. ಅದರ ಫಲವು ಆ ದಿವಸವೇ ಕಾಣುವದಿಲ್ಲ. ಕೆಲವು ದಿವಸಗಳಾದ ಮೇಲೆ ನಾಯಿಯು ಬಲಗುಂದಿ, ಒಸಡುಗಳು ಬಿಳಿಚಿ, ಮೂತ್ರವು ಕಪ್ಪುಗೆಂಪಾಗುತ್ತದೆ; ಆಗ ಹಬ್ಬದ ನೆನಪು ಯಾರಿಗೂ ಬರುವದಿಲ್ಲ. ನಮ್ಮ ಕೋಳಿಸಾರಿನಲ್ಲಿಯೂ ಹಂದಿಮಾಂಸದ ಪಲ್ಯದಲ್ಲಿಯೂ ಈರುಳ್ಳಿ ಬೆಳ್ಳುಳ್ಳಿ ಎಷ್ಟು ಅರೆದು ಹಾಕುತ್ತೇವೆಂದು ಅಡಿಗೆ ಮಾಡುವ ತಾಯಂದಿರಿಗೆ ಹೇಳಬೇಕಾದದ್ದಿಲ್ಲ. ಸಾರು ಕಲಸಿದ ಅನ್ನವನ್ನು ಹಾಕುವಾಗ ಇದನ್ನು ಮನಸ್ಸಿಗೆ ತಂದುಕೊಳ್ಳಬೇಕು.

ಒಣದ್ರಾಕ್ಷಿ ಹಾಕಿದ ಹಬ್ಬದ ಕೇಕಿನ ವಿಷಯದಲ್ಲಿ ನಿಷ್ಠುರವಾಗಿಯೇ ಹೇಳಬೇಕಾಗಿದೆ. ದ್ರಾಕ್ಷಿ ಹಸಿಯಾಗಿರಲಿ ಒಣಗಿರಲಿ, ಕೆಲವು ನಾಯಿಗಳ ಮೂತ್ರಪಿಂಡಗಳನ್ನು ಎರಡು ಮೂರು ದಿವಸಗಳಲ್ಲಿ ಕೆಡಿಸಿಬಿಡುತ್ತದೆ. ಒಂದು ನಾಯಿಗೆ ತಟ್ಟದ್ದು ಇನ್ನೊಂದನ್ನು ಕೊಲ್ಲುತ್ತದಾದ್ದರಿಂದ, ಇಷ್ಟು ಕೊಟ್ಟರೆ ಭಯವಿಲ್ಲವೆಂಬ ಅಳತೆಯು ಇಲ್ಲವೇ ಇಲ್ಲ. ಚಾಕಲೇಟೂ ವಿಷವೇ, ಅದು ಎಷ್ಟು ಕಪ್ಪಾಗಿ ಕಹಿಯಾಗಿರುವದೋ ಅಷ್ಟು ಕೇಡು ಹೆಚ್ಚು. ಸಕ್ಕರೆ ರೋಗದವರಿಗೆಂದು ಮಾಡುವ ಕೆಲವು ಮಿಠಾಯಿಗಳಲ್ಲಿ ಕ್ಸೈಲಿಟಾಲ್ ಎಂಬ ಸಿಹಿವಸ್ತುವನ್ನು ಹಾಕುತ್ತಾರೆ. ಅದರ ಸ್ವಲ್ಪ ಭಾಗವೇ ನಾಯಿಯನ್ನು ಸೆಳೆತಕ್ಕೆ ಗುರಿಮಾಡುತ್ತದೆ. ಹುಳಿಬರಿಸಿದ ಹಸೀ ಹಿಟ್ಟು, ಮದ್ಯ, ಕಾಫಿ ಇವುಗಳನ್ನೂ ಮುಟ್ಟಗೊಡಬಾರದು. ಕೊಬ್ಬಿನ ತುಂಡುಗಳನ್ನೂ ಎಣ್ಣೆಯಲ್ಲಿ ಕರಿದವುಗಳನ್ನೂ ಒಂದೇ ಸಲಕ್ಕೆ ಬಹಳ ತಿಂದ ನಾಯಿಗೆ ಮೇದೋಜೀರಕ ಗ್ರಂಥಿಯು ಉರಿಗೊಂಡು, ಬೆನ್ನು ಬಾಗಿಸಿ, ವಾಂತಿಮಾಡುತ್ತಾ ನರಳುವದುಂಟು.

ಹಾಗಾದರೆ ಅದು ಬರಿದಾಗಿ ಕೂತಿರಬೇಕೋ? ಹಾಗಲ್ಲ. ಮಸಾಲೆ ಅರೆಯುವದಕ್ಕಿಂತ ಮೊದಲು ಎಲುಬಿಲ್ಲದ ಮಾಂಸದ ನಾಲ್ಕು ತುಂಡುಗಳನ್ನು ಬರೀ ನೀರಿನಲ್ಲಿ ಬೇಯಿಸಿ ತೆಗೆದಿಡುವದಕ್ಕೆ ಎಷ್ಟು ಹೊತ್ತು ಬೇಕು? ಅದನ್ನು ಬಿಳೀ ಅನ್ನದಲ್ಲಿ ಕಲಸಿದರೆ ನಾಯಿಗೆ ಅದಕ್ಕಿಂತ ದೊಡ್ಡ ಹಬ್ಬವಿಲ್ಲ. ಬೇಯಿಸಿದ ಮೊಟ್ಟೆ, ಉಪ್ಪು ಹಾಕದ ಸಿಹಿಗುಂಬಳ, ಗಜ್ಜರಿ ಇವುಗಳೂ ಒಳ್ಳೆಯವು. ದಿನದ ಊಟಕ್ಕಿಂತ ಬೇರೆಯಾಗಿ ಕೊಡುವ ತಿಂಡಿಯು ಹತ್ತರಲ್ಲಿ ಒಂದು ಪಾಲಿಗೆ ಮೀರಬಾರದೆಂದು ಪಶುವೈದ್ಯರು ಹೇಳುತ್ತಾರೆ. ದಶಮಾಂಶವನ್ನು ಬಲ್ಲ ನಮಗೆ ಆ ಲೆಕ್ಕವು ಕಷ್ಟವಲ್ಲ.

ಇಲ್ಲಿ ಒಂದು ಭೇದವನ್ನು ಗಮನಿಸಿರಿ. ಎಂಜಲನ್ನು ಎಸೆಯುವದು ಬೇರೆ, ಪಾಲನ್ನು ತೆಗೆದಿಡುವದು ಬೇರೆ. ಎಸೆಯುವವನು ತನಗೆ ಬೇಡವಾದದ್ದನ್ನು ಕಳೆದುಕೊಳ್ಳುತ್ತಾನೆ. ಅದು ತಿನ್ನುವವನಿಗೆ ಒಳ್ಳೇದೋ ಕೆಟ್ಟದ್ದೋ ಎಂಬ ಚಿಂತೆಯು ಅವನಿಗಿಲ್ಲ. ತೆಗೆದಿಡುವವನು ತಾನು ಉಣ್ಣುವದಕ್ಕಿಂತ ಮೊದಲು ಇನ್ನೊಬ್ಬನ ಒಡಲನ್ನು ನೆನಸುತ್ತಾನೆ. ಎಸೆಯಲ್ಪಟ್ಟ ಎಲೆಯ ರುಚಿಯನ್ನು ಕಂಡ ಜನರಿಗೆ ಈ ಭೇದವನ್ನು ಪಟ್ಟಣದ ಪಂಡಿತರು ಕಲಿಸಿಕೊಡಬೇಕಾಗಿಲ್ಲ. ಇಡೀ ದೇಶದಲ್ಲಿ ಅದನ್ನು ಚೆನ್ನಾಗಿ ಬಲ್ಲವರು ಅವರೇ. ಧಣಿಯು ತಮಗೆ ಮಾಡಿದ್ದನ್ನು ತಾವು ಒಂದು ಪ್ರಾಣಿಗೂ ಮಾಡದಿರುವದು ಅವರಿಗೆ ಅವಮಾನವಲ್ಲ, ಒಡೆತನದ ಗುರುತು.

ಮಕ್ಕಳ ವಿಷಯವಾಗಿ ಕೆಲವು ಮಾತು. ನಾಯಿಯನ್ನು ಹಬ್ಬಕ್ಕೆ ಸೇರಿಸಿಕೊಳ್ಳುವದೆಂದರೆ ಅದನ್ನು ಜನರ ನಡುವೆ ಬಿಟ್ಟುಬಿಡುವದೆಂದು ಅರ್ಥವಲ್ಲ. ಮನೆತುಂಬ ಗುರುತಿಲ್ಲದ ನೆಂಟರು, ಗದ್ದಲ, ಮಾಂಸದ ವಾಸನೆ. ಸಾಧುವಾದ ನಾಯಿಯೂ ಆ ದಿವಸ ತಳಮಳಗೊಂಡಿರುತ್ತದೆ. ಅದು ತಿನ್ನುತ್ತಿರುವಾಗ ಚಿಕ್ಕ ಮಗು ಹೋಗಿ ಅದರ ತಟ್ಟೆಗೆ ಕೈಹಾಕಿದರೆ, ಕಚ್ಚಿದ್ದು ನಾಯಿಯಾದರೂ ತಪ್ಪು ದೊಡ್ಡವರದೇ. ಜಗತ್ತಿನಲ್ಲಿ ಹುಚ್ಚುನಾಯಿಯ ರೋಗದಿಂದ ಸಾಯುವವರಲ್ಲಿ ನೂರಕ್ಕೆ ಸುಮಾರು 40 ಮಂದಿ 15 ವರುಷಕ್ಕಿಂತ ಕಡಿಮೆ ಪ್ರಾಯದ ಮಕ್ಕಳೆಂದು ವಿಶ್ವ ಆರೋಗ್ಯ ಸಂಸ್ಥೆಯು ತಿಳಿಸುತ್ತದೆ. ಆ ರೋಗವು ತಲೆದೋರಿದ ಮೇಲೆ ಬದುಕುವವರು ಇಲ್ಲವೆಂದೇ ಹೇಳಬೇಕು. ಆದರೆ ತಲೆದೋರುವದಕ್ಕಿಂತ ಮುಂಚೆ ಅದನ್ನು ತಡೆಯಬಹುದು. ಲೂಯಿ ಪಾಸ್ಚರನು 1885ರ ಜುಲೈಯಲ್ಲಿ, ಹುಚ್ಚುನಾಯಿ ಕಚ್ಚಿದ ಒಂಭತ್ತು ವರುಷದ ಹುಡುಗನಿಗೆ ಮೊದಲನೇ ಸಾರಿ ಚುಚ್ಚುಮದ್ದು ಕೊಡಿಸಿದಂದಿನಿಂದ ಆ ಬಾಗಲು ತೆರೆದಿದೆ. ನಾಯಿ ಕಚ್ಚಿದರೆ ಗಾಯವನ್ನು ಸಾಬೂನು ಹಾಕಿ ಹರಿಯುವ ನೀರಿನಲ್ಲಿ ಕಾಲು ಗಂಟೆಯ ತನಕ ತೊಳೆಯಬೇಕು. ಸುಣ್ಣ, ಮೆಣಸಿನಪುಡಿ, ಕಾಫಿಪುಡಿ, ಅರಸಿನ ಇವು ಯಾವವನ್ನೂ ಬಳಿಯಬಾರದು. ಆ ದಿವಸವೇ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದು ಹಾಕಿಸಬೇಕು. ಸಾಕಿದ ನಾಯಿಗೆ ವರುಷ ವರುಷವೂ ಮುಂಚಿತವಾಗಿಯೇ ಹುಚ್ಚಿನ ಲಸಿಕೆ ಹಾಕಿಸದವನು, ಎಷ್ಟು ಮಾಂಸ ತಿನ್ನಿಸಿದರೂ, ನಾಯಿಯನ್ನಾಗಲಿ ನೆರೆಯವನ ಮಗುವನ್ನಾಗಲಿ ಪ್ರೀತಿಸಿದನೆಂದು ಹೇಳಲಾಗದು.

ಪಟಾಕಿಯ ಕುರಿತು ಬಹಳ ಬರೆಯಲಿಕ್ಕಿಲ್ಲ. ಒಂದು ಸೆಕೆಂಡಿಗೆ ಸುಮಾರು 20,000 ಕಂಪನಗಳ ತನಕ ನಾವು ಕೇಳಬಲ್ಲೆವಾದರೆ ನಾಯಿಯು ಸುಮಾರು 45,000ದ ತನಕ ಕೇಳುತ್ತದೆ. ಮೆಲ್ಲಗಿನ ಸದ್ದನ್ನು ಹಿಡಿಯುವದರಲ್ಲಿಯೂ ಅದು ನಮಗಿಂತ ಮುಂದು. ಇಂಥ ಕಿವಿಯ ಪಕ್ಕದಲ್ಲಿ ಮಾಲೆಪಟಾಕಿ ಹಚ್ಚಿ ನಗುವ ಹುಡುಗರನ್ನು ಹಿರಿಯರು ತಡೆಯದಿದ್ದರೆ, ಆ ಹಿರಿಯರಿಗೆ ಹಬ್ಬದ ಪ್ರಸಂಗವನ್ನು ಇನ್ನೊಂದು ಸಾರಿ ಮಾಡಿಸಬೇಕು.

ಊರ ಬೀದಿಯಲ್ಲಿ ಅಲೆಯುವ, ಒಡೆಯನಿಲ್ಲದ ನಾಯಿಗಳ ಸಂಗತಿ ಏನೆಂದು ಕೇಳುವಿರಿ. ಇದು ಕಠಿಣವಾದದ್ದು. ಒಂದು ದಿವಸ ಎಲೆಗಳನ್ನು ರಾಶಿ ಹಾಕಿ ಇಪ್ಪತ್ತು ನಾಯಿಗಳನ್ನು ಕಾದಾಡಿಸುವದು ದಾನವಲ್ಲ. ಆ ಜಗಳದ ಮಧ್ಯೆ ಶಾಲೆಯ ಮಕ್ಕಳು ನಡೆದುಹೋಗಬೇಕಾಗುತ್ತದೆ. ಬೀದಿಯ ನಾಯಿಗಳ ಸಂತಾನ ಹೆಚ್ಚದಂತೆ ಶಸ್ತ್ರಚಿಕಿತ್ಸೆ ಮಾಡಿಸಿ ಲಸಿಕೆ ಹಾಕಿಸುವದಕ್ಕೆ ಪಂಚಾಯತಿಯವರನ್ನು ಒತ್ತಾಯಪಡಿಸುವದೇ ಅವುಗಳಿಗೆ ನಾವು ಮಾಡಬಹುದಾದ ಹೆಚ್ಚಿನ ಉಪಕಾರ. ಅದಲ್ಲದೆ, ಮನೆಯ ನಾಯಿಗೆ ಮಾಂಸವನ್ನು ಬೇಯಿಸಿದವನು ಓಣಿಯ ಕಡೆಯಲ್ಲಿ ಒಬ್ಬಳೇ ಇರುವ ವಿಧವೆಯ ಒಲೆಯು ಉರಿಯಿತೋ ಇಲ್ಲವೋ ಎಂದು ನೋಡದಿದ್ದರೆ, ಆ ಮುದುಕರ ಹಳೇ ಸಂಶಯವು ಅವನ ವಿಷಯದಲ್ಲಿ ನಿಜವಾಯಿತು. ಅದಕ್ಕೆ ನಾಯಿಯ ಪಾಲನ್ನು ಕಡಿಮೆಮಾಡುವದು ಪರಿಹಾರವಲ್ಲ. ಇನ್ನೊಂದು ಎಲೆ ಹಾಕುವದೇ ಪರಿಹಾರ. ಅದೂ ಹೊಸ್ತಿಲ ಒಳಗೆ, ಎಲ್ಲರ ಸಾಲಿನಲ್ಲಿ.

ಕಡೆಗೆ ಮನೆಯಲ್ಲಿ ಆ ದಿವಸದ ಏರ್ಪಾಡು. ನೆಂಟರು ಬರುವದಕ್ಕಿಂತ ಮೊದಲು ನಾಯಿಯನ್ನು ಸ್ವಲ್ಪ ದೂರ ನಡಿಸಿಕೊಂಡು ಬಂದು, ಅದರ ಊಟವನ್ನು ಮುಂಚಿತವಾಗಿಯೇ ಹಾಕಿರಿ. ಹೊಟ್ಟೆ ತುಂಬಿದ ನಾಯಿಯ ಬೇಡಿಕೆಯು ಅರ್ಧ ಕಡಿಮೆ. ಊಟದ ಹೊತ್ತಿನಲ್ಲಿ ಕೊಟ್ಟಿಗೆಯ ಪಕ್ಕದಲ್ಲಿಯೋ ಹಿಂದಣ ಜಗಲಿಯಲ್ಲಿಯೋ, ಮನೆಯವರ ದನಿ ಕೇಳಿಸುವ ಆದರೆ ಜನರು ತುಳಿಯದ ನೆರಳಿನಲ್ಲಿ, ಹಳೇ ಗೋಣಿ ಹಾಸಿ ಕಟ್ಟಿ, ನೀರಿನ ಚಟ್ಟಿ ಇಡಿರಿ. ಮನೆಯಲ್ಲಿ ಹತ್ತು ಹನ್ನೆರಡು ವರುಷದ ಬುದ್ಧಿಯುಳ್ಳ ಹುಡುಗಿ ಇದ್ದರೆ, ನಾಯಿಗೆ ಕೊಡುವ ಅಧಿಕಾರವನ್ನು ಅವಳೊಬ್ಬಳಿಗೇ ಒಪ್ಪಿಸಿ, ಬೇರೆ ಯಾರೂ ಏನೂ ಹಾಕಬಾರದೆಂದು ನೆಂಟರಿಗೆ ತಿಳಿಸಿರಿ. ನಾಯಿಯು ತಿನ್ನಬಾರದ್ದನ್ನು ತಿಂದಿತೆಂದು ತಿಳಿದರೆ ಉಪ್ಪುನೀರು ಕುಡಿಸಿ ವಾಂತಿಮಾಡಿಸುವ ಹಳೇ ಪದ್ಧತಿಯನ್ನು ಬಿಡಿರಿ, ಉಪ್ಪೇ ಅದಕ್ಕೆ ವಿಷವಾಗುವದು. ಏನು, ಎಷ್ಟು, ಎಷ್ಟು ಹೊತ್ತಿಗೆ ತಿಂದಿತೆಂಬದನ್ನು ನೆನಪಿಟ್ಟುಕೊಂಡು ದನದ ಆಸ್ಪತ್ರೆಗೆ ಕೊಂಡೊಯ್ಯಿರಿ. ಊಟವಾದ ಮೇಲೆ ಎಲೆಗಳನ್ನು ಬೇಲಿಯ ಹೊರಗೆ ಎಸೆಯದೆ, ಎಲುಬುಗಳ ಸಹಿತ ಒಟ್ಟುಗೂಡಿಸಿ, ಹಿತ್ತಲಿನ ತೆಂಗಿನಮರದ ಬಳಿಯಲ್ಲಿ ಎರಡು ಮೊಳದ ಕುಣಿ ತೆಗೆದು ಹೂಳಿ, ಮಣ್ಣು ಮೆಟ್ಟಿ, ಮೇಲೊಂದು ಕಲ್ಲು ಇಟ್ಟರೆ ಮರಕ್ಕೆ ಗೊಬ್ಬರವೂ ಆಗುವದು, ನಾಯಿಯೂ ಕೆದರಲಾರದು.